ಶಾಲೆ ಇಳಿದು ಬಂದ ಬೇಸಿಗೆ

ನಮ್ಮೂರಿನ ರಸ್ತೆ ಬೇಸಿಗೆಯಲ್ಲಿ ಕೆರೆಗೆ ಹೊರಟುಬಿಡುತ್ತದೆ. ನೀರಿನ ಬದಲು ಡಾಂಬರೇ ತುಂಬಿರುವ ಕರಿಕೆರೆಯಿಂದ ಕಡಿದು ತಂದದ್ದರಲ್ಲಿ ಮಾಡಿದ ರಸ್ತೆ ಅದು. ಹೊತ್ತೇರಿ ನೆಲ ಕಾದರೆ ಸಾಕು, ಮೇಲಿದ್ದವರನ್ನೂ ಮೇಲಿದ್ದದ್ದನ್ನೂ ಹೊತ್ತುಕೊಂಡು ಇಳಿಜಾರಿನಲ್ಲಿ ಮೆಲ್ಲಗೆ ತನ್ನ ಕೆರೆಯ ಕಡೆಗೆ ಸರಿಯತೊಡಗುತ್ತದೆ. ಎಮ್ಮೆ ಮೇಯುತ್ತ ಹೋಗುವಷ್ಟು ನಿಧಾನ. ಶೇಂಗಾ ಮಾರುವ ಹುಚ್ಚಪ್ಪ ಬೆಳಿಗ್ಗೆ ತನ್ನ ಕೈಗಾಡಿಯನ್ನು ಮೇಲಿನ ಓಣಿಯ ಬಾಯಲ್ಲಿ ನಿಲ್ಲಿಸಿದರೆ, ಸಂಜೆಯ ಹೊತ್ತಿಗೆ ಊರಿನ ಎಲ್ಲ ಮನೆಗಳ ಮುಂದೆ ಹಾದು ಕೆರೆಯ ದಂಡೆ ಮುಟ್ಟಿರುತ್ತಾನೆ; ನಡುವೆ ಅವನದೊಂದು ನಿದ್ದೆಯೂ ಆಗಿರುತ್ತದೆ. ಕಟ್ಟೆಯ ಮೇಲೆ ಕೂತವಳು ರಸ್ತೆಯ ಮೇಲೆ ನಿಂತವಳೊಡನೆ ಮಾತು ತೆಗೆದರೆ, ಮಾತು ಮುಗಿಯುವಷ್ಟರಲ್ಲಿ ಆಕೆ ಮೂರು ಮನೆ ಆಚೆಗೆ ಹೋಗಿರುತ್ತಾಳೆ. ಉಳಿದದ್ದನ್ನು ಆ ಮನೆಯವರು ಕೇಳಿ ತಿಳಿದುಕೊಳ್ಳುತ್ತಾರೆ. ಆದ್ದರಿಂದ ನಮ್ಮೂರಿನಲ್ಲಿ ಗುಟ್ಟೆಂಬುದು ಮಳೆಗಾಲದಲ್ಲಿ ಮಾತ್ರ.

ಕೆರೆ ಸೇರಿದ ಡಾಂಬರನ್ನು ನಸುಕಿನ ತಂಪಿನಲ್ಲಿ, ಅದು ಗಟ್ಟಿಯಾಗಿರುವಾಗ, ಗುದ್ದಲಿಯಿಂದ ಕಡಿದು, ಎತ್ತಿನ ಗಾಡಿಯಲ್ಲಿ ಮೇಲಕ್ಕೆ ತಂದು, ದೊಡ್ಡ ಕಡಾಯಿಯಲ್ಲಿ ಕರಗಿಸಿ, ಜಲ್ಲಿ ಮತ್ತು ಉಸುಕು ಬೆರೆಸಿ ರಸ್ತೆಯ ತಲೆಗೆ ಹೊಸದಾಗಿ ಹಾಸುವುದು ನಮ್ಮ ಕೆಲಸ. ನಮ್ಮ ಎಂದರೆ ಡಾಂಬರು ಹೆಂಗಸರದು. ನನ್ನ ಹೆಸರು ಶಾವಂತ್ರವ್ವ, ಆ ಗುಂಪಿಗೆ ನಾನೇ ಹಿರಿಯಳು. ನಾವು ಕಡಿದ ಕುಣಿ ಮರುದಿನದ ಹೊತ್ತಿಗೆ ತಾನಾಗಿ ತುಂಬಿಕೊಂಡಿರುತ್ತದೆ. ಕೆರೆ ಬರಿದಾದದ್ದನ್ನು ನಮ್ಮ ಅಜ್ಜಿಯೂ ಕಂಡಿರಲಿಲ್ಲ. ಪರ ಊರಿನವರು ಬಂದಾಗ, ದಿನಾ ಹಾಕಿದ್ದು ದಿನಾ ಹೋದರೆ ನಿಮಗೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾರೆ. "ನಿಮ್ಮನ್ಯಾಗ ದಿನಾ ರೊಟ್ಟಿ ಬಡಿಯೂದಿಲ್ಲೇನ್ರಿ?" ಎಂದು ನಾನು ಕೇಳುತ್ತೇನೆ.

ನಾನು ಈ ಕೆಲಸಕ್ಕೆ ಬಂದಾಗ ಇನ್ನೂ ಲಂಗ ಉಡುತ್ತಿದ್ದೆ. ಆಗ ನಮ್ಮಲ್ಲಿ ನಾಲ್ಕನೆಯ ಇಯತ್ತೆಯ ಮುಂದೆ ಶಾಲೆ ಇರಲಿಲ್ಲ. ಓದುವ ಆಸೆಯಿದ್ದವರು ನದಿ ದಾಟಿ ಹೋಗಬೇಕು, ದೋಣಿಯಲ್ಲಿ ಹುಡುಗಿಯರನ್ನು ಯಾರು ಕಳಿಸುತ್ತಾರೆ? ನಾಲ್ಕು ಮುಗಿದ ಮರುದಿನವೇ ನನ್ನ ಕೈಗೆ ಕಡಾಯಿಯ ಸೌಟು ಬಂತು. ನನ್ನ ಮಗಳು ಕಸ್ತೂರಿಯ ಹೊತ್ತಿಗೆ ಕಾಲ ಬದಲಾಗಿತ್ತು. ಊರ ಮೇಲಿನ ದಿಬ್ಬದ ಮೇಲೆ, ಗಡಿಕಲ್ಲಿನ ಆಚೆ, ಊರವರೇ ಸೇರಿ ಇಟ್ಟಿಗೆ, ಮರ, ತಗಡು ಹೊಂದಿಸಿ ಹೈಸ್ಕೂಲು ಕಟ್ಟಿದ್ದರು. ಆರು ಕೋಣೆ, ಉದ್ದದ ಪಡಸಾಲೆ, ಬಾಗಿಲಲ್ಲಿ ಹಿತ್ತಾಳೆಯ ಗಂಟೆ. ಮೆಹರುನ್ನಿಸಾ ಎಂಬುವರು ಅಲ್ಲಿ ಮುಖ್ಯೋಪಾಧ್ಯಾಯಿನಿ. ನಾವು ಅಕ್ಕೋರು ಎನ್ನುತ್ತಿದ್ದೆವು. ಗಟ್ಟಿ ದನಿಯ ಹೆಂಗಸು. ದಿಬ್ಬದ ಮೇಲೆ ಅವರು ಮಗ್ಗಿ ಹೇಳಿಸಿದರೆ ಕೆರೆಯಲ್ಲಿ ಕಡಿಯುತ್ತಿದ್ದ ನಮಗೂ ಬಾಯಿಪಾಠವಾಗುತ್ತಿತ್ತು. ಕಸ್ತೂರಿ ಒಂಬತ್ತನೆಯ ಇಯತ್ತೆಯಲ್ಲಿದ್ದಳು.

ಇಂಜಿನಿಯರ್ ಚೌಗುಲೆಯವರು ಊರಿಗೆ ಬಂದು ಆಗ ಎರಡು ವರ್ಷವಾಗಿತ್ತು. ಪುರಸಭೆಯವರು ಅವರನ್ನು ಕರೆಸಿದ್ದು ನಡೆಯದ ರಸ್ತೆ ಮಾಡಲಿಕ್ಕೆ. ಅವರ ಡಾಂಬರು ಲಾರಿಯಲ್ಲಿ ಡ್ರಮ್ಮುಗಳಲ್ಲಿ ಬರುತ್ತಿತ್ತು. ಎಲ್ಲಿಯೋ ದೂರದ ಕಾರ್ಖಾನೆಯಲ್ಲಿ ಕಲ್ಲೆಣ್ಣೆ ಕಾಯಿಸಿ, ಪೆಟ್ರೋಲು, ಸೀಮೆಎಣ್ಣೆ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಷ್ಟು ಅದು. ಪುರಸಭೆಯ ಮುಂದೆ ಅವರು ಒಂದು ತುಂಡು ರಸ್ತೆ ಮಾಡಿದರು. ಹೊಳೆಯುವ, ನುಣ್ಣನೆಯ ರಸ್ತೆ. ಎಂಥ ಬಿಸಿಲಿಗೂ ಅಲ್ಲಾಡಲಿಲ್ಲ. ಊರು ಅದನ್ನು ಮೆಚ್ಚಲಿಲ್ಲ. ಅಲ್ಲಿ ಹುಚ್ಚಪ್ಪ ಗಾಡಿಯನ್ನು ತಳ್ಳಬೇಕಾಗುತ್ತಿತ್ತು. ಮುದುಕರು ಆ ತುಂಡಿಗೆ ಬಂದ ಕೂಡಲೇ ಮುಗ್ಗರಿಸುತ್ತಿದ್ದರು. ನಾವು ಹೆಂಗಸರಂತೂ ಚೌಗುಲೆಯವರನ್ನು ಕಂಡರೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆವು. ನಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದವರು ಎಂಬ ಸಿಟ್ಟೂ ಒಳಗಿತ್ತು. ಅವರು ಒಂಟಿ ಮನುಷ್ಯ. ಸಂಜೆ ತಮ್ಮ ರಸ್ತೆಯ ಮೇಲೆ ತಾವೊಬ್ಬರೇ ಅಡ್ಡಾಡುತ್ತಿದ್ದರು.

ಒಮ್ಮೆ ನಮ್ಮ ಕಡಾಯಿಯ ಹತ್ತಿರ ಬಂದು ನಿಂತರು. ಸೌಟಿನಲ್ಲಿ ಡಾಂಬರು ಎತ್ತಿ ಸುರಿದು ಎಳೆ ನೋಡಿದರು. "ಶಾವಂತ್ರವ್ವ, ನಿಮ್ಮ ಕೆರ್ಯಾಗ ಭೂಮಿ ಮಾಡಿದ್ದನ್ನ ಅಲ್ಲಿ ಯಂತ್ರ ಮಾಡ್ತದ. ಎರಡೂ ಒಂದ ಕುಲ," ಎಂದರು.

"ಒಂದ ಕುಲ ಆದ್ರ ನಿಮ್ಮದ್ಯಾಕ ನಡಿಯಂಗಿಲ್ಲ ಸಾಹೇಬ್ರ?"

"ಅದಕ್ಕ ಹೋಗಾಕ ಊರಿಲ್ಲಲ್ಲ," ಎಂದು ಹೇಳಿ ಹೊರಟುಹೋದರು. ಆ ದಿನ ಮಾತ್ರ ನಮಗ್ಯಾರಿಗೂ ನಗು ಬರಲಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದು ಎಳ್ಳು ಇನ್ನೂ ಡಬ್ಬಿಯಲ್ಲಿರುವಾಗಲೇ ಮೇಲಿನಿಂದ ಆದೇಶ ಬಂತು. ಊರಿನ ಗಡಿಯ ಹೊರಗಿರುವ ಶಾಲೆಗಳನ್ನು ಜೂನ್‌ನಿಂದ ಮುಚ್ಚಬೇಕು, ಮಕ್ಕಳನ್ನು ನದಿಯಾಚೆಯ ಶಾಲೆಗೆ ಸೇರಿಸಬೇಕು. ಗಡಿಯೊಳಗೆ ಸ್ವಂತ ಕಟ್ಟಡವಿದ್ದರೆ ಮಾತ್ರ ಶಾಲೆ ಉಳಿಯುತ್ತದೆ. ಅಕ್ಕೋರು ಎಲ್ಲ ತಂದೆತಾಯಿಯರನ್ನು ಪಡಸಾಲೆಯಲ್ಲಿ ಕೂಡಿಸಿ ಅದನ್ನು ಓದಿ ಹೇಳಿದರು. ಅಷ್ಟು ಗಟ್ಟಿ ದನಿ ಅಂದು ಕಡೆಯ ಸಾಲಿಗೆ ಕೇಳಿಸಲಿಲ್ಲ. ಗಂಡು ಹುಡುಗರನ್ನು ದೋಣಿ ಹತ್ತಿಸಬಹುದು ಎಂದು ಒಬ್ಬರೆಂದರು. ಹುಡುಗಿಯರ ಮಾತನ್ನು ಯಾರೂ ಎತ್ತಲಿಲ್ಲ. ಎತ್ತದಿದ್ದರೂ ಎಲ್ಲರಿಗೂ ಗೊತ್ತಿತ್ತು. ಜೂನ್‌ಗೆ ಹೊಸ ಕಟ್ಟಡ ಏಳುವ ಮಾತಿರಲಿಲ್ಲ. ಗಾರೆಯವರೇ ಆಗುವುದಿಲ್ಲವೆಂದು ತಲೆಯಾಡಿಸಿದರು. ಕಸ್ತೂರಿ ಕಿಟಕಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಅಂಗೈ ನೋಡಿಕೊಂಡೆ. ಡಾಂಬರು ಗೆರೆಗಳೊಳಗೆ ಇಳಿದು, ತೊಳೆದರೂ ಹೋಗದಂತಾದ ಅಂಗೈ. ನನಗೇ ತಿಳಿಯುವ ಮೊದಲು ಎದ್ದು ನಿಂತಿದ್ದೆ.

"ಹೊಸಾದು ಕಟ್ಟಾಕ ಆಗದಿದ್ರ ಹಳೇದನ್ನ ಕೆಳಗ ತರೂಣು."

ಪಡಸಾಲೆ ನಕ್ಕಿತು. ಅಕ್ಕೋರು ನಗಲಿಲ್ಲ. "ಹ್ಯಾಂಗ ತರ್ತಿ ಶಾವಕ್ಕ?"

"ಸಾಲೀ ಬುಡಕ್ಕ ಕೆರೀ ಡಾಂಬರ ಹಾಸೂಣು. ಇಲ್ಲಿಂದ ನಮ್ಮ ರಸ್ತಾದ ತಲೀಗೆ ಕೂಡ್ಸೂಣು. ಬ್ಯಾಸಿಗಿ ಬರ್ಲಿ. ಸಾಲಿ ತಾನ ನಡಕೋಂತ ಗಡಿ ಒಳಗ ಬರ್ತದ."

"ಬಂದದ್ದು ನಿಲ್ಲೂದು ಹ್ಯಾಂಗ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಸೀದಾ ಕೆರೀಗೆ ಹೋಗಿ ಮುಳಗ್ತದ. ಮಕ್ಕಳಿಗೆ ಈಜು ಕಲಸ್ತೀರೇನು?"

ಅದಕ್ಕೆ ಉತ್ತರ ಯಾರ ಹತ್ತಿರ ಇದೆಯೆಂದು ನನಗೆ ಗೊತ್ತಿತ್ತು. ಅಕ್ಕೋರನ್ನು ಕರೆದುಕೊಂಡು ನೇರ ಚೌಗುಲೆಯವರ ಬಿಡಾರಕ್ಕೆ ಹೋದೆ. ಅವರು ಸ್ಟೋವಿನ ಮೇಲೆ ಚಹಾ ಇಟ್ಟಿದ್ದರು. ನಾವು ಹೇಳಿದ್ದನ್ನು ಕೇಳುತ್ತ ಕೇಳುತ್ತ ಚಹಾ ಉಕ್ಕಿ ಸ್ಟೋವು ಆರಿತು. ಅವರಿಗೆ ಗೊತ್ತೇ ಆಗಲಿಲ್ಲ. ಕೊನೆಗೆ, "ಗಡಿಕಲ್ಲಿಗೆ ಹತ್ತಿದ ಸಂತೀ ಬಯಲು ಊರ ಒಳಗ ಬರ್ತದಲ್ಲ?" ಎಂದು ಕೇಳಿದರು. ಹೌದೆಂದೆವು. "ಅಲ್ಲಿ ನಾ ಡ್ರಮ್ಮಿನ ಡಾಂಬರದ ಹಾಸಿಗಿ ಹಾಕ್ತೀನಿ. ಸಾಲಿ ಅದರ ಮ್ಯಾಲ ಬಂದ ಕೂಡ್ಲೆ ಜಾಕಿ ಹಚ್ಚಿ ಒಂದ ಗೇಣು ಎತ್ತೂಣು. ತಳದಾಗಿನ ನಿಮ್ಮ ಡಾಂಬರ ಕೆರೀಗೆ ಹೋಗ್ಲಿ. ಆಮ್ಯಾಲ ಸಾಲೀನ ನನ್ನದರ ಮ್ಯಾಲ ಇಳಸೂಣು." ಎದ್ದು ನಿಂತು, "ನಡಸೂದು ನಿಮ್ಮ ಕೆಲಸ, ನಿಲ್ಲಸೂದು ನಂದು," ಎಂದರು. ಎರಡು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಬಜಾರಿನ ರಸ್ತೆಗೆಂದು ತರಿಸಿದ್ದ ಡ್ರಮ್ಮುಗಳನ್ನು ಶಾಲೆಗೆ ಕೊಡಲು ಪುರಸಭೆಯನ್ನು ಒಪ್ಪಿಸಿದವರೂ ಅವರೇ. ಬಜಾರಿನವರು, ನಮ್ಮ ರಸ್ತೆ ನಡೆಯುತ್ತಲೇ ಇರಲಿ ಮಾರಾಯರೇ ಎಂದು ಕೈಮುಗಿದರಂತೆ.

ಶಿವರಾತ್ರಿಯ ಹೊತ್ತಿಗೆ ಕೆಲಸ ಶುರುವಾಯಿತು. ಬಡಿಗರು ಗೋಡೆಯ ಬುಡದಲ್ಲಿ ಒಂದೊಂದೇ ಕಂಡಿ ಕೊರೆದು ಬೇವಿನ ತೊಲೆ ತೂರಿಸಿದರು. ಲಾರಿಯವರು ತಮ್ಮ ಜಾಕಿಗಳನ್ನೆಲ್ಲ ತಂದುಕೊಟ್ಟರು. ಕಟ್ಟಡ ಕೂದಲೆಳೆಯಷ್ಟು ಎದ್ದ ಕಡೆ ನಾವು ಬಿಸಿ ಡಾಂಬರು ಸುರಿದು ಜಲ್ಲಿ ತುಂಬುತ್ತ ಹೋದೆವು. ಕೆರೆಯಿಂದ ದಿಬ್ಬಕ್ಕೆ ಗಾಡಿಗಳ ಸಾಲು ಕಡಿಯಲಿಲ್ಲ. ಇಷ್ಟು ವರ್ಷ ಹೊಟ್ಟೆಪಾಡೆಂದು ಮಾಡಿದ ಕೆಲಸವನ್ನು ಈಗ ಹಾಡು ಹೇಳುತ್ತ ಮಾಡಿದೆವು. ಒಳಗೆ ಪಾಠ ನಿಲ್ಲಲಿಲ್ಲ. ನೆಲದ ಕೆಳಗಿನಿಂದ ನಾನು ಸುತ್ತಿಗೆ ಹೊಡೆದರೆ ಮೇಲಿನಿಂದ ಅಕ್ಕೋರು ಕೋಲಿನಿಂದ ನೆಲ ಬಡಿದು, "ಸಾವಕಾಶ! ಇಲ್ಲಿ ಬೀಜಗಣಿತ ನಡದೈತಿ," ಎನ್ನುತ್ತಿದ್ದರು.

ಹೋಳಿ ಕಳೆದು ಬಿಸಿಲು ಬಲಿತ ಒಂದು ಮಧ್ಯಾಹ್ನ ಗಂಟೆ ತಾನಾಗಿ ಟಣ್ ಎಂದಿತು. ಎಲ್ಲರೂ ಮೇಲಕ್ಕೆ ಓಡಿದೆವು. ಪಡಸಾಲೆಯ ಕಂಬದ ನೆರಳಿನಲ್ಲಿ ಮಲಗಿದ್ದ ನಾಯಿ ಎದ್ದು ಕೂತು, ಸರಿಯುತ್ತಿದ್ದ ಗೋಡೆಯನ್ನು ನೋಡಿ ಬೊಗಳತೊಡಗಿತ್ತು. ಶಾಲೆ ಹೊರಟಿತ್ತು.

ಭಾರ ಕಂಡರೆ ನಮ್ಮ ರಸ್ತೆಗೆ ಏದುಸಿರು. ಶಾಲೆ ಒಂದು ದಿನ ನಾಲ್ಕು ಮಾರು, ಒಂದು ದಿನ ಎರಡೇ ಮಾರು ಎಂಬಂತೆ ಇಳಿಯಿತು. ಆ ವರ್ಷ ಬೇಸಿಗೆ ರಜೆ ಯಾವ ಹುಡುಗರಿಗೂ ಬೇಡವಾಯಿತು. ನಡೆಯುವ ಶಾಲೆಯಲ್ಲಿ ಕೂರುವುದನ್ನು ಬಿಟ್ಟು ಯಾರು ಅಜ್ಜಿಯ ಊರಿಗೆ ಹೋಗುತ್ತಾರೆ? ಭೂಗೋಳದ ಪಾಠಕ್ಕೆ ಅಕ್ಕೋರು ಕಿಟಕಿ ತೆರೆದುಬಿಡುತ್ತಿದ್ದರು. ದಾರಿಯಲ್ಲಿ ಸಿಕ್ಕ ಹೊಲದವರು ಕಿಟಕಿಯೊಳಗೆ ಮಾವಿನಕಾಯಿ ಕೊಡುತ್ತಿದ್ದರು. ಬಾಗುವಲ್ಲಿ ಚೌಗುಲೆಯವರು ರಸ್ತೆಯ ಒಂದು ಬದಿಗೆ ನೀರು ಹೊಡೆಸಿ ತಂಪು ಮಾಡಿ, ಇನ್ನೊಂದು ಬದಿಯನ್ನು ಬಿಸಿಲಿಗೆ ಬಿಟ್ಟು, ಎತ್ತು ತಿರುಗಿಸಿದಂತೆ ಶಾಲೆಯನ್ನು ತಿರುಗಿಸಿದರು. ಅದನ್ನು ನೋಡಿ ನಮ್ಮ ಹೆಂಗಸರು, ಈತ ನಮ್ಮವನೇ ಎಂದು ತೀರ್ಮಾನಿಸಿ ಮಧ್ಯಾಹ್ನದ ರೊಟ್ಟಿಯನ್ನು ಅವರಿಗೂ ಕಟ್ಟಿಕೊಂಡು ಬರತೊಡಗಿದರು.

ಮೇ ಕೊನೆಗೆ ಶಾಲೆ ಗಡಿಕಲ್ಲನ್ನು ಮುಟ್ಟಿತು. ಆಗ ಮೋಡ ಕವಿಯಿತು. ಮುಂಗಾರು ಆ ವರ್ಷ ಅವಸರ ಮಾಡಿತು. ಮೊದಲ ದಿನ ಹನಿ, ಮರುದಿನ ಜಡಿ, ಆಮೇಲೆ ಬಿಸಿಲೇ ಇಲ್ಲದ ಬೂದಿ ಬಣ್ಣದ ಹಗಲುಗಳು. ರಸ್ತೆ ಕಲ್ಲಾಯಿತು. ಶಾಲೆಯ ಮುಂಬಾಗಿಲು ಗಡಿಕಲ್ಲಿನ ಒಳಗೆ, ಕೋಣೆಗಳೆಲ್ಲ ಹೊರಗೆ. ಆದೇಶದ ಪ್ರಕಾರ ಪರೀಕ್ಷಿಸುವ ಅಧಿಕಾರಿ ನಾಡಿದ್ದು ಬರುತ್ತಾರೆಂದು ಸುದ್ದಿ ಬಂತು. ಬೆಳಗಾಗೆದ್ದು ಶಾಲೆಯ ಹತ್ತಿರ ಬಂದು ನಾನು ಆಕಾಶ ನೋಡಿದೆ. ಹೊಸ ಕಂಬಳಿಯ ಹಾಗೆ ಒಂದು ಕಡೆಯೂ ಬೆಳಕಿನ ತೂತಿರಲಿಲ್ಲ. ಕಸ್ತೂರಿ ಬಂದು ಪಕ್ಕದಲ್ಲಿ ನಿಂತಳು. "ಯವ್ವಾ, ಮಳಿ ಅಂತೂ ನಿಂತದ. ನೆಲ ಅಷ್ಟ ಕಾಯ್ಬೇಕು, ಹೌದಿಲ್ಲೋ? ಬಿಸಲಿನಿಂದನ ಕಾಯ್ಬೇಕಂತ ಎಲ್ಲೈತಿ?" ಎಂದಳು.

ನಾನು ಅವಳ ಮುಖ ನೋಡಿದೆ. ಅಷ್ಟರಲ್ಲಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹುಚ್ಚಪ್ಪ ಎದ್ದು, "ಶೇಂಗಾ ನಾ ಬಿಸಲಾಗ ಹುರೀತೀನೇನು? ಉಸುಕಿನ್ಯಾಗ ಹುರೀತೀನಿ," ಎಂದ. "ಉಸುಕು ಕಾಸಿ ರಸ್ತಾಕ್ಕ ಹಾಕ್ರಲ್ಲ!"

ಊರಿಗೆ ಊರೇ ಬೆಂಕಿ ಹೊತ್ತುಕೊಂಡು ಬಂತು. ನಮ್ಮ ಕಡಾಯಿಗಳಲ್ಲಿ ಅಂದು ಡಾಂಬರಿಲ್ಲ, ಉಸುಕು. ಖಾನಾವಳಿಯವನು ತನ್ನ ಕಬ್ಬಿಣದ ಒಲೆಗಳನ್ನು ಗಾಡಿಯಲ್ಲಿ ತಂದ. ಕಮ್ಮಾರರು ತಿದಿ ತಂದರು, ಇಸ್ತ್ರಿಯವರು ಕೆಂಡ ತಂದರು. ಚುರುಮುರಿ ಭಟ್ಟಿಯವರು ಭಟ್ಟಿಯನ್ನೇ ಎತ್ತಿ ತಂದರೆಂದು ಹೇಳಿದರೆ ನೀವು ನಂಬುವುದಿಲ್ಲ. ಮನೆಮನೆಯ ಹೆಂಗಸರು ಬಾಣಲೆಗಳಲ್ಲಿ ಉಸುಕು ಕಾಸಿ, ಮಡಿಲಿಗೆ ಗೋಣಿತಾಟು ಕಟ್ಟಿಕೊಂಡು ಹೊತ್ತು ತಂದು ಶಾಲೆಯ ಸುತ್ತ ಸುರಿದರು. ಚೌಗುಲೆಯವರು ಸಂತೆ ಬಯಲಿನಲ್ಲಿ ತಮ್ಮ ಡ್ರಮ್ಮುಗಳನ್ನು ಕಾಸುತ್ತ ಅಲ್ಲಿಂದಲೇ ಕೂಗುತ್ತಿದ್ದರು: "ಶಾವಂತ್ರವ್ವ, ಎಡಕ್ಕ ಇನ್ನಷ್ಟು! ಎಡಗಾಲು ಹಿಂದ ಬಿದ್ದದ!" ನಾನು ಬಗ್ಗಿ ಉಸುಕಿನೊಳಗೆ ಕೈ ಹಾಕಿ ರಸ್ತೆಯನ್ನು ಮುಟ್ಟಿ ನೋಡಿದೆ. ಕಲ್ಲಿನ ಹಾಗಿದ್ದದ್ದು ಬೆಲ್ಲದ ಹಾಗಾಗಿತ್ತು. ಬೆರಳು ಒತ್ತಿದರೆ ಇಳಿಯುತ್ತಿತ್ತು. "ಹಾಕ್ರಿ!" ಎಂದು ಕೂಗಿದೆ. ನನ್ನ ದನಿ ನನಗೇ ಅಕ್ಕೋರ ದನಿಯ ಹಾಗೆ ಕೇಳಿಸಿತು.

ತಗಡು ಕಿರ್ರೆಂದಿತು. ಗಂಟೆ ಬಾರಿಸಿತು. ಶಾಲೆ ಮುಂದಕ್ಕೆ ಬಂತು. ಗೋಡೆ ಬಂತು, ಕಿಟಕಿ ಬಂತು, ಇನ್ನೊಂದು ಕಿಟಕಿ ಬಂತು. ಕಡೆಯ ಕೋಣೆ ಗಡಿಕಲ್ಲನ್ನು ದಾಟಿದಾಗ ಕಲ್ಲಿಗೂ ಗೋಡೆಗೂ ನಡುವೆ ಒಂದು ಬೆರಳು ಸಂದು. ಸಂತೆ ಬಯಲಿನ ಹಾಸಿಗೆಯ ಮೇಲೆ ಬರುತ್ತಲೇ ಚೌಗುಲೆಯವರು ಕೈಯೆತ್ತಿದರು. ಲಾರಿಯವರು ಒಟ್ಟಿಗೇ ಜಾಕಿ ತಿರುವಿದರು. ಶಾಲೆ ಗೇಣೆತ್ತರ ಎದ್ದಿತು. ನಾವು ಉದ್ದ ಹಿಡಿಯ ಸಲಿಕೆಗಳಿಂದ ತಳದ ಡಾಂಬರನ್ನು ಬಳಿದು ಬಳಿದು ಹೊರಗೆ ಬಿಟ್ಟೆವು. ಅದು ಬಿಸಿಯಿರುವ ತನಕ ತನ್ನ ಪಾಡಿಗೆ ತಾನು ಕೆರೆಯ ದಾರಿ ಹಿಡಿಯಿತು. ಚೌಗುಲೆಯವರ ಡಾಂಬರು ಹಬೆಯಾಡುತ್ತ ಅಲ್ಲೇ ಇತ್ತು. ಶಾಲೆಯನ್ನು ಅದರ ಮೇಲೆ ಇಳಿಸಿದರು, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಕೊಡಗಟ್ಟಲೆ ನೀರು ಸುರಿದೆವು. ಹಬೆಯಲ್ಲಿ ಯಾರ ಮುಖವೂ ಯಾರಿಗೂ ಕಾಣಲಿಲ್ಲ.

ಮರುದಿನ ಅಧಿಕಾರಿ ಬಂದರು. ಅಂದೇ ಬಿಸಿಲೂ ಬಂತು, ಮಳೆ ತೊಳೆದ ಆಕಾಶದ ಕಣ್ಣು ಕುಕ್ಕುವ ಬಿಸಿಲು. ಅವರು ಜೀಪನ್ನು ರಸ್ತೆಯ ಮೇಲೆ ನಿಲ್ಲಿಸಿ ಇಳಿದು, ಗಡಿಕಲ್ಲು ನೋಡಿದರು, ಗೋಡೆ ನೋಡಿದರು. ಸುತ್ತಲೂ ನಿಂತ ಊರನ್ನು ನೋಡಿದರು. ವಯಸ್ಸಾದ, ಸೌಮ್ಯವಾದ ಮನುಷ್ಯ, ಆದರೆ ನಮ್ಮೂರಿನ ಸುದ್ದಿ ಕೇಳಿದ್ದವರು.

"ಅಕ್ಕೋರ, ಕಟ್ಟಡ ಈಗ ಒಳಗ ಐತಿ, ಖರೆ. ಆದ್ರ ನಿಮ್ಮೂರಾಗ ಮುಂಜಾನೆ ಇದ್ದದ್ದು ಸಂಜೀಕ ಇರಂಗಿಲ್ಲ ಅಂತಾರ. ನಾ ಹೊತ್ತು ಇಳಿಯೂ ತನಕ ಒಳಗ ಕೂಡ್ತೀನಿ. ಸಾಲಿ ಇಲ್ಲೇ ನಿಂತಿದ್ರ ಸಹಿ ಹಾಕ್ತೀನಿ."

"ಕೂಡ್ರಿ ಸರ್," ಎಂದರು ಅಕ್ಕೋರು. "ಹತ್ತನೇದವರ ಹಿಂದ ಜಾಗಾ ಐತಿ." ಅವರನ್ನು ಹಿಂದಿನ ಬೆಂಚಿನಲ್ಲಿ ಕೂಡಿಸಿ ಪಾಠ ಶುರುಮಾಡಿಯೇಬಿಟ್ಟರು.

ಊರೆಲ್ಲ ಹೊರಗೆ ನಿಂತಿತ್ತು. ನೆಲ ಕಾಯಿತು. ಬಯಲಿನ ಪಕ್ಕದ ನಮ್ಮ ರಸ್ತೆ ಮೆಲ್ಲಗೆ ಹೊರಟಿತು. ಅದರ ಮೇಲೆ ನಿಂತವರು ಸರಿಯುತ್ತ ಹೋಗಿ, ಓಡಿ ವಾಪಸು ಬಂದು ಮತ್ತೆ ನಿಂತು ನೋಡುತ್ತಿದ್ದರು. ಗಡಿಕಲ್ಲಿಗೂ ಗೋಡೆಗೂ ನಡುವಿನ ಆ ಒಂದು ಬೆರಳು ಸಂದಿನಲ್ಲಿ ಕಣ್ಣಿಟ್ಟು ಚೌಗುಲೆಯವರು ಮೊಣಕಾಲೂರಿ ಕೂತುಬಿಟ್ಟಿದ್ದರು. ಅವರ ಅಂಗಿ ಬೆವರಿನಲ್ಲಿ ಅದ್ದಿ ತೆಗೆದಂತಾಗಿತ್ತು. ನಾನು ಹತ್ತಿರ ಹೋಗಿ ಕೂತೆ. ನೆತ್ತಿಯ ಬಿಸಿಲು ಪಡುವಣಕ್ಕೆ ವಾಲಿತು. ಸಂದು ಒಂದು ಬೆರಳೇ ಇತ್ತು. ತಗಡು ಕಾದು ಟಿಕ್ ಟಿಕ್ ಎಂದಿತು. ಸಂದು ಒಂದು ಬೆರಳೇ ಇತ್ತು. ನೆರಳುಗಳು ಉದ್ದವಾದವು. ಒಳಗಿನಿಂದ ಅಧಿಕಾರಿಯ ದನಿ ಕೇಳಿಸಿತು: "ಸಾಕ್ರಿ ಅಕ್ಕೋರ, ನನಗ ಸಹಿ ಮಾಡಾಕ ಪೆನ್ನು ಕೊಡ್ರಿ. ಈ ಸಾಲಿ ಎಲ್ಲೂ ಹೋಗೂದಿಲ್ಲ."

ಹಲಗೆಯವರು ಅದಕ್ಕೇ ಕಾದಿದ್ದವರ ಹಾಗೆ ಬಡಿಯತೊಡಗಿದರು. ರಸ್ತೆಯ ಮೇಲೆ ಕುಣಿತ ಶುರುವಾಯಿತು. ಕುಣಿಯುತ್ತ ಕುಣಿಯುತ್ತ ಅರ್ಧ ಊರು ಕೆರೆಯ ಕಡೆಗೆ ಸರಿದುಹೋಗುವುದು, ಕೇಕೆ ಹಾಕುತ್ತ ಓಡಿ ಬಂದು ಮತ್ತೆ ಮೇಲಿನಿಂದ ಕುಣಿಯುವುದು! ನಮ್ಮ ಹೆಂಗಸರು ಚೌಗುಲೆಯವರನ್ನು ಎಬ್ಬಿಸಿ ಹಣೆಗೆ, ಕೆನ್ನೆಗೆ ಗುಲಾಲು ಬಳಿದರು. ಅಧಿಕಾರಿ ಹೊರಗೆ ಬಂದು ಕಣ್ಣು ಕಿರಿದು ಮಾಡಿ ಅತ್ತಿತ್ತ ನೋಡಿದರು. "ನನ್ನ ಜೀಪ್ ಎಲ್ಲಿ?" ಜೀಪು ಡ್ರೈವರನ ನಿದ್ದೆಯ ಸಮೇತ ಅರ್ಧ ಊರು ದಾಟಿ ಹೋಗಿತ್ತು. ಹೋ ಎಂದು ಊರು ಅದರ ಹಿಂದೆ ಬಿತ್ತು. ಅಧಿಕಾರಿಯೂ ಧೋತರ ಎತ್ತಿ ಕಟ್ಟಿ, ನಗುತ್ತ, ಓಡುವವರ ಜೊತೆ ಓಡಿದರು.

ನಾನು ಓಡಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಕೂತೆ. ಕಸ್ತೂರಿ ಪುಸ್ತಕ ಎದೆಗವಚಿಕೊಂಡು ಒಳಗಿನಿಂದ ಬಂದಳು. ನನ್ನ ಕಪ್ಪು ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, "ಏಳಬೇ, ಅಕ್ಕೋರು ಕರೀತಾರ. ನಾಳಿಂದ ಸಂಜೀಕ ಡಾಂಬರದವರಿಗೂ ಒಂದು ವರ್ಗ ನಡಸ್ತಾರಂತ. ಮೊದಲನೇ ಹೆಸರು ನಿಂದ ಬರದಾರ," ಎಂದಳು. "ಐದನೇ ಇಯತ್ತೆ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋದೆ.